ಎಗೆಸ್ಕೋವ್ ಕೋಟೆ: ಹಳೇ ಕಾರು ಆಮೇಲೆ, ಮೊದಲು ನಡುಗೋಡೆ ನೋಡಿ

ಡೆನ್ಮಾರ್ಕ್‌ಗೆ ಬರುವ ನಮ್ಮವರು ಕೋಪನ್‌ಹೇಗನ್ ಸುತ್ತುತ್ತಾರೆ, ಟೈಮ್ ಉಳಿದರೆ ಕ್ರೋನ್‌ಬೋರ್ಗ್ ಕೋಟೆಗೆ ಒಂದು ರೌಂಡ್ ಹೋಗುತ್ತಾರೆ, ಅಲ್ಲಿಗೆ ಮುಗೀತು. ಫ್ಯೂನ್ ದ್ವೀಪದ ಎಗೆಸ್ಕೋವ್ ಲಿಸ್ಟಲ್ಲೇ ಇರುವುದಿಲ್ಲ. ಇರಬೇಕಿತ್ತು. ನೀರಿನ ಮಧ್ಯೆ ನಿಂತಿರುವ ಈ ಕೆಂಪು ಇಟ್ಟಿಗೆಯ ಕೋಟೆಮನೆಯನ್ನು ಫ್ರಾನ್ಸ್ ಬ್ರಾಕೆನ್‌ಹೂಸ್ ಅನ್ನುವ ಜಮೀನ್ದಾರ ಕಟ್ಟಿ ಮುಗಿಸಿದ್ದು 1554ರಲ್ಲಿ. ಈಗಲೂ ಅದು ಖಾಸಗಿ ಕುಟುಂಬವೊಂದರ ಆಸ್ತಿ.

ನೀರಲ್ಲಿ ಯಾಕೆ ಕಟ್ಟಿಸಿದ? ಹೆದರಿಕೆ, ಇನ್ನೇನು. 1534ರಿಂದ 1536ರವರೆಗೆ ಡೆನ್ಮಾರ್ಕಿನಲ್ಲಿ ಅಂತರ್ಯುದ್ಧ ನಡೆದಿತ್ತು. ರೈತರು ತಿರುಗಿಬಿದ್ದು ಜಮೀನ್ದಾರರ ಮನೆಗಳಿಗೆ ಬೆಂಕಿ ಇಟ್ಟಿದ್ದರು. ಅದರ ಬೆನ್ನಿಗೇ ರೋಮಿನ ಕ್ಯಾಥೊಲಿಕ್ ಚರ್ಚು ಹೋಗಿ ಲೂಥರನ ಪ್ರೊಟೆಸ್ಟೆಂಟ್ ಪಂಥ ಬಂತು. ಯಾವಾಗ ಏನಾಗುತ್ತೋ ಅನ್ನುವ ಕಾಲ. ಹಾಗಾಗಿ ಸುಮಾರು 5 ಮೀಟರ್ ಆಳದ ಕೆರೆಯ ತಳಕ್ಕೆ ಓಕ್ ಮರದ ದಿಮ್ಮಿಗಳನ್ನು ಬಡಿಸಿ, ಅವುಗಳ ಮೇಲೆ ಮನೆ ಎಬ್ಬಿಸಿದ. ನೀರಿನಡಿ ಗಾಳಿ ತಾಗದ ಮರ ಸುಲಭಕ್ಕೆ ಕೊಳೆಯುವುದಿಲ್ಲ, ಅದಕ್ಕೇ ಇನ್ನೂ ನಿಂತಿದೆ. ಅಡಿಪಾಯಕ್ಕೆ ಒಂದಿಡೀ ಓಕ್ ಕಾಡೇ ಹೋಯಿತು ಅಂತ ಹೇಳುತ್ತಾರೆ. ಸ್ವಲ್ಪ ಉಪ್ಪುಖಾರ ಸೇರಿರಬಹುದು ಬಿಡಿ.

ಸೇತುವೆ ಕಡೆಯಿಂದ ನೋಡಿದರೆ ಇದು ಒಂದೇ ಮನೆ. ಎಲ್ಲರೂ ಅಲ್ಲೇ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಪಕ್ಕಕ್ಕೆ ಸರಿದು ದಂಡೆಯಿಂದ ನೋಡಿ, ಎರಡು ಚಾವಣಿ ಕಾಣುತ್ತದೆ. ಅಂದರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಉದ್ದನೆಯ ಮನೆಗಳು, ನಡುವೆ ಒಂದು ಮೀಟರಿಗಿಂತ ದಪ್ಪದ ಜೋಡಿ ಗೋಡೆ. ನನ್ನ ಮಟ್ಟಿಗೆ ಟಿಕೆಟ್ ದುಡ್ಡು ವಸೂಲಾಗುವುದು ಈ ಗೋಡೆಯಲ್ಲೇ. ಅದರ ಹೊಟ್ಟೆಯೊಳಗೆ ಗುಟ್ಟಿನ ಮೆಟ್ಟಿಲುಗಳಿವೆ, ಒಂದು ಬಾವಿಯೂ ಇದೆ! ಶತ್ರು ಮುಂದಿನ ಮನೆಗೆ ನುಗ್ಗಿದರೆ ಹಿಂದಿನ ಮನೆಗೆ ಸರಿದು ಅಲ್ಲಿಂದ ಹೊಡೆದಾಡಬಹುದು, ಎಷ್ಟು ದಿನ ಮುತ್ತಿಗೆ ಹಾಕಿದರೂ ಕುಡಿಯುವ ನೀರಿಗೆ ತೊಂದರೆ ಇಲ್ಲ. ನಮ್ಮಲ್ಲಿ ಚಿತ್ರದುರ್ಗದಂಥ ಕಡೆ ಸುತ್ತಿನ ಮೇಲೆ ಸುತ್ತು ಕಟ್ಟಿ ಮಾಡಿದ ಕೆಲಸವನ್ನು ಈತ ಒಂದೇ ಸೂರಿನಡಿ ಮಡಚಿಟ್ಟಿದ್ದಾನೆ.

ಪುಸ್ತಕಗಳಲ್ಲಿ ಇದನ್ನು ರಿನೈಸಾನ್ಸ್ ಕೋಟೆ, ಅಂದರೆ ಮಧ್ಯಯುಗ ಮುಗಿದ ಮೇಲೆ ಯುರೋಪಿನಲ್ಲಿ ಬಂದ ಹೊಸ ಶೈಲಿಯ ಕೋಟೆ ಅಂತ ಬರೆದಿರುತ್ತಾರೆ. ಸರಿ, ಆದರೆ ನನಗೆ ಅದು ಅರ್ಧ ಸತ್ಯ ಅನ್ನಿಸಿತು. ಸಾಲಾಗಿ ಜೋಡಿಸಿದ ಕಿಟಕಿಗಳು, ಅಲಂಕಾರದ ತ್ರಿಕೋನ ಗೋಡೆಗಳು ಹೊಸ ಕಾಲದವು. ಮೂಲೆಯ ದುಂಡು ಬುರುಜುಗಳು, ತೋಪಿನ ಕಿಂಡಿ, ಬಾಣ ಬಿಡುವ ಸಂದು, ಹತ್ತಿರ ಬಂದವರ ಮೇಲೆ ಕುದಿಯುವುದನ್ನು ಸುರಿಯಲು ಇಟ್ಟ ತೂತು, ಇವೆಲ್ಲ ಹಳೇ ಕಾಲದ ಬುದ್ಧಿ. ಇಟ್ಟಿಗೆಯೂ ಹಳೇ ನಮೂನೆಯದೇ, ಈಗಿನದಕ್ಕಿಂತ ದಪ್ಪ. ಬುರುಜುಗಳ ಈಗಿನ ಎತ್ತರ ಮಾತ್ರ 1880ರ ದಶಕದ್ದು, ಸ್ವೀಡನ್ನಿನ ಹೆಲ್ಗೋ ಸೆಟ್ಟರ್‌ವಾಲ್ ಅನ್ನುವ ವಾಸ್ತುಶಿಲ್ಪಿಯ ಕೆಲಸ. ಫೋಟೋಗೆ ಚೆಂದ, ಆದರೆ ಮೂಲದ ಗಡಸುತನ ಕಮ್ಮಿಯಾಗಿದೆ ಅಂತ ನನಗನ್ನಿಸಿತು.

ಒಳಗೆ ಬೇಟೆಯ ಕೋಣೆ ಇದೆ, ಗೋಡೆ ತುಂಬ ಆಫ್ರಿಕಾದ ಪ್ರಾಣಿಗಳ ತಲೆ. ನಾನು ಬೇಗ ದಾಟಿದೆ. ನಿಲ್ಲಬೇಕಾದದ್ದು ರಿಗ್‌ಬೋರ್ಗ್ ಹೆಸರಿನ ಕೋಣೆಯಲ್ಲಿ. ಈಕೆ ಈ ಮನೆಯ ಮಗಳು. ಮದುವೆಯಾಗದೆ ಮಗು ಹೆತ್ತಳು ಅಂತ ಅಪ್ಪ ಲೌರಿಡ್ಸ್ ಬ್ರಾಕೆನ್‌ಹೂಸ್ 1599ರಲ್ಲಿ ಇಲ್ಲೇ ಕೂಡಿಹಾಕಿದ. 1604ರಲ್ಲಿ ಅವನು ಸತ್ತ ಮೇಲೇ ಬಿಡುಗಡೆ. ಹೊರಗಿನ ಶತ್ರು ಒಳಗೆ ಬಾರದಿರಲಿ ಅಂತ ಕಟ್ಟಿದ ಗೋಡೆ ಕೊನೆಗೆ ಯಾರನ್ನು ತಡೆಯಿತು ನೋಡಿ.

ಅಟ್ಟ ಬಿಡಬೇಡಿ. ಅಲ್ಲಿ ಶಿಖರದ ಕೆಳಗೆ ಒಂದು ಮರದ ಗೊಂಬೆ ಮಲಗಿದೆ. ಅದನ್ನು ಅಲುಗಿಸಿದರೆ ಕ್ರಿಸ್‌ಮಸ್ ರಾತ್ರಿ ಇಡೀ ಕೋಟೆ ನೀರಿಗೆ ಮುಳುಗುತ್ತದಂತೆ! ಮಕ್ಕಳಿದ್ದರೆ ಟೈಟಾನಿಯಾ ಅರಮನೆಯನ್ನೂ ತೋರಿಸಿ. ಸರ್ ನೆವಿಲ್ ವಿಲ್ಕಿನ್‌ಸನ್ 1922ರಲ್ಲಿ ಮುಗಿಸಿದ ಗೊಂಬೆಮನೆ ಅದು, 18 ಕೋಣೆ, 3000ಕ್ಕೂ ಜಾಸ್ತಿ ಪುಟಾಣಿ ಸಾಮಾನು. ದೊಡ್ಡವರೂ ಗಾಜಿಗೆ ಮೂಗು ಒತ್ತಿಕೊಂಡು ನಿಂತಿರುತ್ತಾರೆ.

ಹೊರಗೆ ಹಳೇ ಕಾರು, ಬೈಕು, ವಿಮಾನ, ಗಿಡಗಳ ಚಕ್ರವ್ಯೂಹ, ಫ್ಯೂಷಿಯಾ ಹೂವಿನ ತೋಟ ಎಲ್ಲಾ ಇವೆ. ಚೆನ್ನಾಗಿಯೇ ಇವೆ, ಆದರೆ ಅದರಿಂದಲೇ ಶುರು ಮಾಡಿದರೆ ಕೋಟೆಗೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ಇನ್ನೊಂದು ಮಾತು, ಪ್ಯಾಕೇಜ್ ಟೂರ್‌ನವರು ಗಂಟೆ ಲೆಕ್ಕದಲ್ಲಿ ತಂದು ಇಳಿಸಿದರೆ ಒಪ್ಪಬೇಡಿ, ಅರ್ಧ ದಿನವಾದರೂ ಬೇಕು.

ನನ್ನ ಮಾರ್ಕು 5ಕ್ಕೆ 4. ಹೋಗುವುದು ಸುಲಭ: ಫ್ಯೂನ್‌ನ ದೊಡ್ಡ ಊರಾದ ಓಡೆನ್ಸ್‌ನಿಂದ ಸ್ವೆನ್‌ಬೋರ್ಗ್ ಕಡೆಯ ರೈಲು ಹತ್ತಿ ಕ್ವೆರ್ನ್‌ಡ್ರುಪ್‌ನಲ್ಲಿ ಇಳಿಯಿರಿ, ಉಳಿದದ್ದು ನಡೆಯುವಷ್ಟು ದೂರ. ಸಸ್ಯಾಹಾರಿಗಳು ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಚಿಂತೆ ಇರುವುದಿಲ್ಲ. ಚಳಿಗಾಲದಲ್ಲಿ ಬಹುಪಾಲು ಮುಚ್ಚಿರುತ್ತದೆ, ಹೊರಡುವ ಮುಂಚೆ ತೆರೆದಿರುವ ದಿನಗಳನ್ನು ನೋಡಿಕೊಳ್ಳಿ.