ಅನ್‌ಸ್ಕೂಲಿಂಗ್ ತರಬೇತಿ: ಪಾಠ ಮಕ್ಕಳಿಗಲ್ಲ, ಹೆತ್ತವರಿಗೆ

ಪಠ್ಯಕ್ರಮ, ಪರೀಕ್ಷೆಗಳ ಗೊಡವೆಯಿಲ್ಲದೆ, ಮಗುವಿನ ಆಸಕ್ತಿ ಹೋದ ಕಡೆಗೇ ಕಲಿಕೆಯೂ ಸಾಗಲಿ ಎನ್ನುವ ಅನ್‌ಸ್ಕೂಲಿಂಗ್ ಪದ್ಧತಿಯ ಬಗ್ಗೆ ಪಾಲಕರಿಗೆಂದೇ ರೂಪಿಸಿದ ಆನ್‌ಲೈನ್ ತರಬೇತಿಯೊಂದನ್ನು ಈಚೆಗೆ ಮುಗಿಸಿದೆ. ಮಗುವಿಗೆ ಗಣಿತ ಕಲಿಸುವುದು ಹೇಗೆ ಎಂಬ ಪ್ರಶ್ನೆಗೆ ಸಿದ್ಧ ಉತ್ತರ ಬಯಸಿ ಸೇರುವವರಿಗೆ ಇಲ್ಲಿ ನಿರಾಸೆಯೇ ಹೆಚ್ಚು, ಏಕೆಂದರೆ ಇದರ ಬಹುಭಾಗ ಹೆತ್ತವರು ತಮ್ಮ ಮನಸ್ಸಿನಲ್ಲಿ ಬೆಳೆಸಿಕೊಂಡ ಕಲ್ಪನೆಯ ಮಗುವನ್ನು ಕುರಿತದ್ದು.

ಶಿಕ್ಷಕರಾಗಿದ್ದ ಅಮೆರಿಕದ ಜಾನ್ ಹೋಲ್ಟ್ 1977ರಲ್ಲಿ ಪತ್ರಿಕೆಯೊಂದನ್ನು ಆರಂಭಿಸಿ ಈ ವಿಚಾರವನ್ನು ಹರಡಿದ ಕಥೆ ಮೊದಲ ಪಾಠದಲ್ಲಿ ಚುಟುಕಾಗಿ ಬಂದುಹೋಗುತ್ತದೆ. ತರಬೇತಿಯ ನಿಜವಾದ ಬಲ ಅನಂತರದ ‘ಡಿಸ್ಕೂಲಿಂಗ್’ ಭಾಗದಲ್ಲಿದೆ. ಶಾಲೆ ಬಿಟ್ಟ ಮೇಲೂ ದೊಡ್ಡವರ ತಲೆಯಲ್ಲಿ ಅಂಕ, ತರಗತಿ, ವಯಸ್ಸಿಗೆ ತಕ್ಕ ಮಟ್ಟ ಎಂಬ ಲೆಕ್ಕಾಚಾರ ನಡೆಯುತ್ತಲೇ ಇರುತ್ತದೆ. ಅದನ್ನು ಕಳಚಿಕೊಳ್ಳುವ ಅಭ್ಯಾಸಗಳಿವು. ಅವುಗಳಲ್ಲಿ ಒಂದು, ಕಂಡದ್ದನ್ನು ಮಾತ್ರ ಬರೆದಿಡುವ ದಿನಚರಿ. ‘ಮಗ ಸೋಮಾರಿ, ಹೊತ್ತು ಕಳೆದ’ ಎಂದು ಬರೆಯುವಂತಿಲ್ಲ; ‘ಕೆಟ್ಟ ಗಡಿಯಾರದ ತಿರುಪುಗಳನ್ನು ಬಿಚ್ಚಿ, ಗಾತ್ರಕ್ಕನುಗುಣವಾಗಿ ಸಾಲಾಗಿಟ್ಟ, ಒಂದು ಕಳೆದುಹೋದಾಗ ಮಂಚದಡಿ ತೆವಳಿ ಹುಡುಕಿದ’ ಎಂದು ಬರೆಯಬೇಕು. ಹೀಗೆ ಬರೆಯುತ್ತ ಹೋದಂತೆ ದೂರಿನ ಪಟ್ಟಿ ಸಣ್ಣದಾಗುತ್ತದೆ, ಮಗುವಿನ ಪರಿಚಯ ದೊಡ್ಡದಾಗುತ್ತದೆ. (ಆರಂಭದಲ್ಲಿ ಕೈಗೆ ಬರುವುದು ಬರೀ ವಿಶೇಷಣಗಳೇ ಎನ್ನುವುದು ಬೇರೆ ಮಾತು.)

ಇದೇ ದಿನಚರಿಯನ್ನು ಸಂಗಾತಿಯ ಕುರಿತೂ ತಮ್ಮ ಕುರಿತೂ ಬರೆಯಿಸುವುದು ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ. ಈ ಪದ್ಧತಿಯಲ್ಲಿ ಗಂಡಹೆಂಡಿರಿಬ್ಬರಿಗೂ ಸಮನಾದ ಉತ್ಸಾಹ ಇರುವುದು ಅಪರೂಪ. ಮಗುವನ್ನು ಇದ್ದಂತೆ ಒಪ್ಪುತ್ತೇನೆನ್ನುತ್ತಲೇ, ಅನುಮಾನಪಡುವ ಸಂಗಾತಿಯನ್ನು ತಿದ್ದಲು ಹೊರಡುವವರ ಇಬ್ಬಂದಿತನವನ್ನು ಬೋಧಕರು ನೇರವಾಗಿ, ಆದರೆ ನೋಯಿಸದೆ ತೋರಿಸಿಕೊಡುತ್ತಾರೆ.

ಕೊರತೆಗಳೂ ಇವೆ. ಸಂಶೋಧಕರಾದ ಪೀಟರ್ ಗ್ರೇ ಮತ್ತು ಜೀನಾ ರೈಲಿ 2013ರಲ್ಲಿ ಪ್ರಕಟಿಸಿದ 232 ಕುಟುಂಬಗಳ ಸಮೀಕ್ಷೆಯನ್ನು ತರಬೇತಿ ಮತ್ತೆ ಮತ್ತೆ ಉಲ್ಲೇಖಿಸುತ್ತದೆ. ಕುಟುಂಬದ ಆಪ್ತತೆ ಹೆಚ್ಚಿತೆಂದೂ, ಸುತ್ತಲಿನವರ ಒತ್ತಡ ಹಾಗೂ ತಮ್ಮೊಳಗೇ ಬೇರೂರಿದ ನಂಬಿಕೆಗಳೇ ದೊಡ್ಡ ತೊಡಕೆಂದೂ ಅದರಲ್ಲಿ ಅನೇಕ ಪಾಲಕರು ಹೇಳಿದ್ದು ನಿಜ. ಆದರೆ ಉತ್ತರಿಸಿದವರು ತಾವಾಗಿಯೇ ಮುಂದೆ ಬಂದವರು, ಈ ದಾರಿಯನ್ನು ಆಗಲೇ ಆರಿಸಿಕೊಂಡವರು ಎಂಬುದನ್ನು ಒಂದೇ ಒಂದು ಸಲವಾದರೂ ಹೇಳಬೇಕಿತ್ತು. ತಡವಾಗಿ ಓದಲು ಕಲಿಯುವ ಮಕ್ಕಳ ಬಗ್ಗೆ ಧೈರ್ಯ ತುಂಬುವ ಪಾಠದಲ್ಲಿ ಡಿಸ್ಲೆಕ್ಸಿಯಾದ, ಅಂದರೆ ಓದು ಬರಹ ಕಲಿಯುವುದನ್ನೇ ಕಷ್ಟವಾಗಿಸುವ ತೊಂದರೆಯ, ಸುಳಿವೇ ಇಲ್ಲದಿರುವುದು ಇನ್ನೂ ಗಂಭೀರವಾದ ಲೋಪ. ಮಗುವನ್ನು ಒಪ್ಪಿಕೊಳ್ಳುವುದಕ್ಕೂ ಅದಕ್ಕೆ ಬೇಕಾದ ನೆರವನ್ನು ಮುಂದೂಡುವುದಕ್ಕೂ ಅಜಗಜಾಂತರವಿದೆ.

ವಿಡಿಯೊಗಳು ವಿಪರೀತ ಉದ್ದವಾಗಿವೆ. ಜೊತೆಗೆ ಕೊಡುವ ಲಿಖಿತ ಟಿಪ್ಪಣಿಗಳೇ ಸಾಕು. ಮಗುವನ್ನು ಶಾಲೆಯಿಂದ ಬಿಡಿಸುವ ಯೋಚನೆಯೇ ಇಲ್ಲದವರಿಗೂ ಮೊದಲರ್ಧವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಬಿಡಿಸಲು ನಿರ್ಧರಿಸಿದವರು ಮಾತ್ರ ತಮ್ಮ ದೇಶದ ಕಾನೂನನ್ನು ಬೇರೆಡೆ ವಿಚಾರಿಸಿಕೊಳ್ಳಬೇಕು: ಜರ್ಮನಿಯಂತಹ ದೇಶದಲ್ಲಿ ಶಾಲೆಗೆ ಹಾಜರಾಗುವುದೇ ಕಡ್ಡಾಯವಾಗಿದ್ದು, ಈ ವಿಷಯಕ್ಕೆ ತರಬೇತಿಯಲ್ಲಿ ಒಂದು ಪುಟವೂ ಮೀಸಲಾಗಿಲ್ಲ.