ಹಾಸನಾಂಬೆ ಬಾಗಿಲು ಹಾಕಿದ್ಮೇಲೆ ಹಡಗು ಹತ್ತಿದ್ವಿ: ಮುಂಬೈ–ಗೋವಾ ಕ್ರೂಸ್ ಹೆಂಗಿತ್ತು ಅಂತ

ಐದಕ್ಕೆ ಮೂರೂವರೆ ಸ್ಟಾರ್. ಒಂದು ಬಿಲ್ ವಿಷಯಕ್ಕೆ ಕಟ್, ಅರ್ಧ ಕಾಫಿಗೆ ಕಟ್. ಹಾಸನದವಳಾಗಿ ಕಾಫಿಗೆ ಬರೀ ಅರ್ಧ ಕಟ್ ಮಾಡಿದೀನಿ ಅಂದ್ರೆ ನಂದು ದೊಡ್ಡ ಮನಸ್ಸು ಅನ್ಕಳಿ. ಕಂಪನಿ ಹೆಸರು ಹಾಕಲ್ಲ, ಬೈಯೋದು ಬೈದೇ ಬೈತೀನಿ, ಆಮೇಲೆ ಅವ್ರ ಜೊತೆ ಜಗಳ ಯಾರಿಗೆ ಬೇಕು.

ನಮ್ಮನೆ ಕಥೆ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಮೂರೂವರೆ ಯಾಕೆ ಅಂತ ಗೊತ್ತಾಗಲ್ಲ. ಹಾಸನದಲ್ಲಿ ಮನೆ ಇರೋರಿಗೆಲ್ಲ ಇದು ಗೊತ್ತು. ಆಶ್ವಯುಜ ಹುಣ್ಣಿಮೆ ಆದ್ಮೇಲಿನ ಗುರುವಾರ ಹಾಸನಾಂಬೆ ಗುಡಿ ಬಾಗಿಲು ತೆಗೀತಾರೆ, ಅವತ್ತಿಂದ ದೀಪಾವಳಿ ಮುಗಿಯೋವರ್ಗೂ ನಮ್ಮನೆ ಬಾಗಿಲೂ ಹಾಕಂಗಿಲ್ಲ. ಬೆಂಗಳೂರಿನ ಚಿಕ್ಕಪ್ಪ, ಮೈಸೂರಿನ ಅತ್ತೆ, ಅರಸೀಕೆರೆ ಭಾವನ ಕಡೆಯವ್ರು, ಅವ್ರ ಜೊತೆ ನಮಗೆ ಏನಾಗ್ಬೇಕು ಅಂತ ಅವ್ರಿಗೂ ಗೊತ್ತಿಲ್ದಿರೋ ಇನ್ನೊಂದಷ್ಟು ಜನ. ಎಲ್ರೂ ಬಂದು ಕ್ಯೂ ಎಷ್ಟುದ್ದ ಐತೆ, ಪಾಸ್ ಸಿಗುತ್ತಾ ಅಂತ ಕೇಳೋರೇ. ಬರೋದು ಖುಷಿನೇ, ಇಲ್ಲ ಅನ್ನಲ್ಲ. ಆದ್ರೆ ಮಧ್ಯಾಹ್ನ ಅನ್ನ ಸಾರು, ರಾತ್ರಿ ಅಕ್ಕಿ ರೊಟ್ಟಿ, ಬೆಳಿಗ್ಗೆ ಎದ್ರೆ ಕಡುಬು, ನಾನು ನಮ್ಮತ್ತಿಗೆ ಇಬ್ರೂ ಅಡುಗೆ ಮನೆ ಬಿಟ್ಟು ಆಚೆ ಬಂದಿದ್ದೇ ಇಲ್ಲ. ಹಾಲಲ್ಲಿ ಏನೋ ಜೋಕಿಗೆ ಎಲ್ರೂ ಗೊಳ್ಳಂತ ನಗೋದು ಕೇಳಿಸುತ್ತೆ, ಏನು ಜೋಕು ಅಂತ ಮಾತ್ರ ಗೊತ್ತಾಗಲ್ಲ. ಕಾಲೇಜಿನ ಗೆಳತೀರ ಗ್ರೂಪಲ್ಲಿ ಇದನ್ನೇ ಬರೆದ್ರೆ ಎಲ್ರ ಮನೇಲೂ ಇದೇ ಗೋಳು. ಅಷ್ಟರಲ್ಲಿ ಸಕಲೇಶಪುರದವಳು ಒಬ್ಳು ಕ್ರೂಸ್ ಆಫರ್ ಲಿಂಕ್ ಹಾಕಿದ್ಲು, ಮುಂಬೈಯಿಂದ ಗೋವಾ, ವಾಪಸ್ ಮುಂಬೈ, ಮೂರು ರಾತ್ರಿ, ಊಟ ತಿಂಡಿ ಎಲ್ಲ ಸೇರಿ. ಊಟ ತಿಂಡಿ ಸೇರಿ ಅನ್ನೋದನ್ನ ಓದಿದ್ಮೇಲೆ ಮುಂದಿಂದು ಯಾರೂ ಓದಲಿಲ್ಲ.

ಮನೇಲಿ ಹೇಳಿದ್ದು ಎಲ್ರೂ ಊಟಕ್ಕೆ ಕೂತಿದ್ದಾಗ. ನಮ್ಮಜ್ಜಿ ಸಮುದ್ರ ದಾಟ್ಬಾರದು ಕಣೇ ಅಂದ್ರು. ದಾಟಲ್ಲಜ್ಜಿ, ದಡದ ಪಕ್ಕದಲ್ಲೇ ಹೋಗಿ ವಾಪಸ್ ಬರೋದು ಅಂದೆ. ಹಂಗಾದ್ರೆ ಬಸ್ಸಲ್ಲೇ ಹೋಗ್ಬಹುದಲ್ಲ ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಚಿಕ್ಕಪ್ಪ ಮಾತ್ರ ರೇಟ್ ಎಷ್ಟು ಅಂತ ಮೆಲ್ಲಗೆ ಕೇಳಿದ್ರು.

ಈಗ ರೇಟ್ ವಿಷಯ. ಜಾಹೀರಾತಲ್ಲಿ ಒಬ್ರಿಗೆ ಇಷ್ಟು ಅಂತ ದಪ್ಪ ಅಕ್ಷರದಲ್ಲಿ ಇರುತ್ತಲ್ಲ, ಅದನ್ನ ನಂಬ್ಕಂಡು ಮನೇಲಿ ಹೇಳ್ಬೇಡಿ. ಅದು ಕಿಟಕಿ ಇಲ್ದಿರೋ ರೂಮಿನ ರೇಟು, ಅದೂ ಒಂದು ರೂಮಲ್ಲಿ ಇಬ್ರು ಇದ್ರೆ. ಅದ್ರ ಮೇಲೆ ಬಂದರಿನ ಚಾರ್ಜು, ಜಿಎಸ್‌ಟಿ, ಹಡಗಿನ ಸಿಬ್ಬಂದಿಗೆ ದಿನಕ್ಕೆ ಇಷ್ಟು ಟಿಪ್ಸ್ ಅಂತ ಅವ್ರೇ ಸೇರಿಸ್ತಾರೆ, ಎಲ್ಲ ಕೂಡ್ಸಿ ಪೇಮೆಂಟ್ ಪುಟಕ್ಕೆ ಬಂದಾಗ ಹತ್ರ ಹತ್ರ ಒಂದೂವರೆ ಪಟ್ಟು ಆಗಿರುತ್ತೆ. ಹತ್ತಿದ್ಮೇಲೆ ಜ್ಯೂಸು, ಕೋಲಾ, ವೈಫೈ, ಕೆಲವು ಶೋಗಳು, ಗೋವಾದಲ್ಲಿ ಸುತ್ತಾಡ್ಸೋ ಬಸ್ಸು ಎಲ್ಲದಕ್ಕೂ ಬೇರೆ. ಹಡಗಲ್ಲಿ ದುಡ್ಡು ಕೈಯಲ್ಲಿ ಕೊಡೋದಿಲ್ಲ, ರೂಮಿನ ಕಾರ್ಡ್ ತೋರ್ಸಿದ್ರೆ ಆಯ್ತು, ಅದೇ ಅಪಾಯ. ಕೊನೇ ದಿನ ಬಿಲ್ ಕೈಗೆ ಬಂದಾಗ ನಮ್ಮ ಗ್ರೂಪಿನ ಒಬ್ರ ಯಜಮಾನ್ರು ರಿಸೆಪ್ಶನ್ನಲ್ಲಿ ನಿಂತು ಒಂದೊಂದೇ ಲೈನ್ ಓದ್ತಾ ಇದ್ರು, ಕುಡೀದೇ ಇರೋ ಮಾಕ್‌ಟೇಲ್ ಒಂದು ಸೇರ್ಕಂಡಿತ್ತು, ತೆಗೆಸಿದ್ರು. ತೆಗೀತಾರೆ, ಆದ್ರೆ ಕೇಳಿದ್ರೆ ಮಾತ್ರ. ಹಿಂದಿನ ರಾತ್ರಿನೇ ಬಿಲ್ ಚೆಕ್ ಮಾಡ್ಕಳಿ, ಬೆಳಿಗ್ಗೆ ಅಲ್ಲಿ ಹಾಸನಾಂಬೆ ಕ್ಯೂಗಿಂತ ಉದ್ದ ಇರುತ್ತೆ.

ರೂಮ್ ಯಾವ್ದು ತಗಳೋದು ಅಂತ ತಲೆ ಕೆಡಿಸ್ಕಂಡಿರೋರಿಗೆ: ನಾವು ಕೆಲವ್ರು ಒಳಗಿನ ರೂಮು, ಕೆಲವ್ರು ಕಿಟಕಿ ಇರೋದು ತಗಂಡ್ವಿ. ಕಿಟಕಿ ರೂಮಲ್ಲಿ ಹಗಲು ಯಾರೂ ಇರಲಿಲ್ಲ. ಮಲಗೋಕೆ ಮಾತ್ರ ರೂಮು, ಉಳಿದಿದ್ದೆಲ್ಲ ಮೇಲೆ ಡೆಕ್ಕಲ್ಲೇ. ಹಂಗೂ ಕಿಟಕಿ ಬೇಕೇ ಬೇಕು ಅನ್ನೋರು ಒಂದು ನೋಡ್ಕಳಿ, ಮುಂಬೈಯಿಂದ ಗೋವಾಕ್ಕೆ ಹೋಗೋವಾಗ ಹಡಗು ದಕ್ಷಿಣಕ್ಕೆ ಹೋಗುತ್ತೆ, ಸೂರ್ಯ ಮುಳುಗೋದು ಬಲಗಡೆಗೆ, ವಾಪಸ್ ಬರೋವಾಗ ಎಡಗಡೆಗೆ. ಬುಕಿಂಗ್ ಮಾಡೋ ಹುಡ್ಗನ್ನ ಕೇಳಿದ್ರೆ ಎಲ್ಲಾ ಕಡೆನೂ ಸೂಪರ್ ವ್ಯೂ ಮೇಡಂ ಅಂತಾನೆ. ರೂಮ್ ಸಣ್ಣದು, ಸೂಟ್‌ಕೇಸು ಮಂಚದ ಕೆಳಗೆ ತಳ್ಳಿದ್ರೇನೇ ಓಡಾಡೋಕೆ ಜಾಗ. ಗೋಡೆ ಕಬ್ಬಿಣದ್ದು, ಅಯಸ್ಕಾಂತದ ಕೊಕ್ಕೆ ತಗಂಡೋದ್ರೆ ಒದ್ದೆ ಟವೆಲ್ಲು ನೇತಾಕ್ಬಹುದು, ಇದನ್ನ ನನಗೆ ಹೇಳಿಕೊಟ್ಟೋರಿಗೆ ಈಗ್ಲೂ ಥ್ಯಾಂಕ್ಸ್ ಹೇಳ್ತೀನಿ. ಟಾಯ್ಲೆಟ್ ವಿಮಾನದ ಥರ ಗಾಳೀಲಿ ಎಳ್ಕಳೋದು, ರಾತ್ರಿ ಫ್ಲಷ್ ಮಾಡಿದ್ರೆ ಪಕ್ಕದ ಮಂಚದವ್ರು ಎದ್ದು ಕೂರ್ತಾರೆ.

ಹೋಗಿದ್ದು ಶಿರಾಡಿ ಇಳಿದು ಮಂಗಳೂರು, ಅಲ್ಲಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್, ಮಧ್ಯಾಹ್ನ ಹತ್ತಿದ್ರೆ ಮಾರ್ನೇ ದಿನ ಬೆಳಿಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್. ಬೆಂಗಳೂರಿಗೆ ಹೋಗಿ ವಿಮಾನ ಹತ್ತೋದು ಬೇಗ ಆಗುತ್ತೆ, ಆದ್ರೆ ಕೊಂಕಣ ರೈಲಿನ ಸುರಂಗಗಳಲ್ಲಿ ಕೂಗಾಡ್ಕಂಡು ಹೋಗೋ ಮಜಾ ಅದ್ರಲ್ಲಿಲ್ಲ. ಹಡಗು ಹತ್ತೋದು ಬಲ್ಲಾರ್ಡ್ ಪಿಯರ್ ಕಡೆ, ಸಿಎಸ್‌ಎಂಟಿ ಸ್ಟೇಷನ್ನಿಗೆ ಹತ್ರ. ದೇಶದೊಳಗಿನ ಕ್ರೂಸ್ ಆದ್ರೆ ಪಾಸ್‌ಪೋರ್ಟ್ ಬೇಡ, ಆಧಾರ್ ಸಾಕು, ಆದ್ರೆ ಒರಿಜಿನಲ್ ಇಟ್ಕಳಿ. 24 ವಾರ ದಾಟಿದ ಗರ್ಭಿಣಿಯರನ್ನ ಸಾಮಾನ್ಯವಾಗಿ ಹತ್ತಿಸ್ಕಳಲ್ಲ, ಆರು ತಿಂಗಳೊಳಗಿನ ಮಗೂನೂ ಅಷ್ಟೇ, ಬುಕ್ ಮಾಡೋಕ್ ಮುಂಚೆನೇ ಕೇಳ್ಕಳಿ. ಸ್ಕ್ಯಾನರಲ್ಲಿ ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಎಕ್ಸ್‌ಟೆನ್ಶನ್ ಬೋರ್ಡು, ಹೊರಗಿನ ಬಾಟ್ಲಿ ಎಲ್ಲ ಹಿಡೀತಾರೆ. ಮನೇಲಿ ಮಾಡಿದ ತಿಂಡೀನೂ ಬೇಡ ಅಂತಾರೆ. ನಮ್ಮ ಜೊತೆಯವಳು ಒಬ್ಳ ಅತ್ತೆ ಹಬ್ಬದ ಚಕ್ಕುಲಿ ಡಬ್ಬ ತುಂಬಿ ಕಳಿಸಿದ್ರು, ಸೆಕ್ಯೂರಿಟಿಯವನು ಡಬ್ಬ ತೆಗ್ದು ನೋಡ್ದ, ಒಳಗೆ ತಗಂಡೋಗಂಗಿಲ್ಲ ಅಂದ, ಇವ್ಳು ಇಲ್ಲೇ ತಿನ್ಬಹುದಾ ಅಂದ್ಲು, ತಿನ್ನಿ ಅಂದ. ಅಲ್ಲೇ ಬೆಂಚ್ ಮೇಲೆ ಕೂತು, ಆ ಸೆಕ್ಯೂರಿಟಿಯವನಿಗೂ ಎರಡು ಕೊಟ್ಟು, ಡಬ್ಬ ಖಾಲಿ ಮಾಡಿದ್ವಿ.

ಹತ್ತಿದ ತಕ್ಷಣ ಪೂಲ್ ಕಡೆ ಓಡೋದಲ್ಲ, ಮೊದ್ಲು ಸೇಫ್ಟಿ ಡ್ರಿಲ್. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಸೈರನ್ ಹೊಡೀತಾರೆ, ಎಲ್ರೂ ಅವ್ರವ್ರ ಜಾಗಕ್ಕೆ ಹೋಗಿ ನಿಂತ್ಕಬೇಕು. 2012ರಲ್ಲಿ ಇಟಲಿಯ ಗಿಗ್ಲಿಯೊ ದ್ವೀಪದ ಹತ್ರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ರಲ್ಲ, ಅವತ್ತೇ ಹತ್ತಿದ ಎಷ್ಟೋ ಜನಕ್ಕೆ ಆಗಿನ್ನೂ ಡ್ರಿಲ್ಲೇ ಆಗಿರಲಿಲ್ಲ. ಅದಾದ್ಮೇಲೆ ಹಡಗು ಹೊರಡೋಕ್ ಮುಂಚೆ ಇಲ್ಲ ಹೊರಟ ತಕ್ಷಣ ಮಾಡ್ಲೇಬೇಕು ಅಂತ ರೂಲ್ಸ್ ಬಂತು. ಕೆಲವ್ರು ಸೆಲ್ಫಿ ತಗಳ್ತಾ ಇದ್ರು, ಬೇಜಾರಾಯ್ತು.

ಹೊರಡೋದು ನೋಡೋಕೆ ಮಾತ್ರ ತಪ್ಪಿಸ್ಕಬೇಡಿ, ನನ್ನ ಪ್ರಕಾರ ದುಡ್ಡಿನ ಕಾಲು ಭಾಗ ಅಲ್ಲೇ ವಸೂಲಿ. ಇಂಜಿನ್ ಸದ್ದೇ ಇಲ್ದಂಗೆ ದಡ ದೂರ ಹೋಗೋಕೆ ಶುರು ಆಗುತ್ತೆ. ಬಲಗಡೆ ಗೇಟ್‌ವೇ, ತಾಜ್ ಹೋಟ್ಲು, ಕೊಲಾಬಾ ಒಂದೊಂದಾಗಿ ಹಿಂದೆ ಸರೀತವೆ. ಸ್ವಲ್ಪ ದೂರ ಹೋದ್ಮೇಲೆ ಒಂದು ಸಣ್ಣ ಬೋಟು ಬಂದು ನಮ್ಮ ಹಡಗಿನ ಪಕ್ಕಕ್ಕೇ ಅಂಟ್ಕಂಡಂಗೆ ಓಡೋಕೆ ಶುರು ಮಾಡ್ತು. ಹಡಗಿನ ಹೊಟ್ಟೇಲಿ ಒಂದು ಸಣ್ಣ ಬಾಗಿಲು ತೆಗೀತು, ಹಗ್ಗದ ಏಣಿ ಬಿಟ್ರು, ಬಿಳಿ ಶರ್ಟಿನ ಮೇಲೆ ಲೈಫ್ ಜಾಕೆಟ್ ಹಾಕಿದ ಒಬ್ಬ ಮನುಷ್ಯ ಅದನ್ನ ಹಿಡ್ಕಂಡು ಇಳಿದ, ಕೊನೇ ಮೆಟ್ಲಲ್ಲಿ ಒಂದು ಕ್ಷಣ ನಿಂತ, ಅಲೆ ಬೋಟನ್ನ ಮೇಲೆತ್ತಿದ ತಕ್ಷಣ ಟಕ್ ಅಂತ ಕಾಲಿಟ್ಟ. ಬೋಟು ತಿರುಕ್ಕಂಡು ಮುಂಬೈ ಕಡೆ ಹೋಯ್ತು. ಅವ್ರು ಬಂದರಿನ ಪೈಲಟ್ ಅಂತೆ, ಆ ನೀರಲ್ಲಿ ಎಲ್ಲಿ ಆಳ ಎಲ್ಲಿ ಇಲ್ಲ ಅಂತ ಗೊತ್ತಿರೋರು, ಹಡಗನ್ನ ಹೊರಗೆ ತನಕ ಬಿಟ್ಟು ವಾಪಸ್ ಹೋಗ್ತಾರೆ. ಡೆಕ್ಕಲ್ಲಿ ಡಿಜೆ ಕುಣಿಸ್ತಾ ಇದ್ದ, ನಾವೆಲ್ಲ ರೇಲಿಂಗ್ ಹಿಡ್ಕಂಡು ಇದನ್ನೇ ನೋಡ್ತಾ ಇದ್ವಿ.

ಊಟ ಚೆನ್ನಾಗೈತೆ, ಬೇಕಾದಷ್ಟು ಐತೆ, ಆದ್ರೆ ಎಲ್ಲ ಉತ್ತರದ ಕಡೆಯ ಬಾಯಿಗೆ ಮಾಡಿದ್ದು. ಪನೀರ್ ಇಲ್ದಿರೋ ಹೊತ್ತೇ ಇಲ್ಲ. ಜೈನ್ ಊಟಕ್ಕೆ ಬೇರೆ ಕೌಂಟರ್ ಇತ್ತು, ಈರುಳ್ಳಿ ಬೆಳ್ಳುಳ್ಳಿ ತಿನ್ದಿರೋ ನಮ್ಮ ಕಡೆ ಹಿರಿಯರಿಗೂ ಅದೇ ಅನುಕೂಲ. ಇಡ್ಲಿ ಗಟ್ಟಿ, ಸಾಂಬಾರು ಸಿಹಿ. ಮುದ್ದೆ ಸಿಗುತ್ತಾ ಅಂತ ಕೇಳೋಷ್ಟು ಹುಚ್ಚು ನಮಗಿಲ್ಲ.

ಕಾಫಿ ಮಾತ್ರ ಕ್ಷಮಿಸೋಕಾಗಲ್ಲ. ಬಟನ್ ಒತ್ತಿದ್ರೆ ಬರೋದು ಬಿಸಿ ಸಿಹಿ ನೀರು. ಸಕಲೇಶಪುರದವಳು ಇದನ್ನ ಮುಂಚೆನೇ ಊಹಿಸಿ ಅವ್ರ ತೋಟದ ಪುಡಿ, ಒಂದು ಪುಟ್ಟ ಸ್ಟೀಲ್ ಫಿಲ್ಟರ್ ಬಟ್ಟೆ ಮಧ್ಯ ಸುತ್ಕಂಡು ಬಂದಿದ್ಲು, ಸ್ಕ್ಯಾನರಿನವ್ರು ಏನೂ ಅನ್ನಲಿಲ್ಲ. ಬಫೆಯಿಂದ ಫ್ಲಾಸ್ಕಲ್ಲಿ ಕುದಿಯೋ ನೀರು, ಇನ್ನೊಂದರಲ್ಲಿ ಹಾಲು. ಹಡಗು ವಾಲಾಡ್ದಾಗೆಲ್ಲ ಫಿಲ್ಟರ್ ಟೇಬಲ್ ಮೇಲೆ ಜಾರೋದು, ಅದಕ್ಕೆ ಟವೆಲ್ ಸುತ್ತಿ ಸಿಂಬಿ ಮಾಡಿ ಅದ್ರ ಮಧ್ಯ ಕೂರ್ಸಿದ್ಲು. ಡಿಕಾಕ್ಷನ್ ಇಳಿಯೋವರ್ಗೂ ಅಷ್ಟೂ ಜನ ಆ ಸಣ್ಣ ರೂಮಲ್ಲಿ ಮಂಚದ ಮೇಲೆ ಒಬ್ರ ಮೇಲೊಬ್ರು ಕೂತು ಕಾದ್ವಿ. ರೂಮ್ ಕ್ಲೀನ್ ಮಾಡೋ ಹುಡ್ಗ ಡಾರ್ಜಿಲಿಂಗ್ ಕಡೆಯವ್ನು, ವಾಸನೆ ಹಿಡ್ಕಂಡು ಬಂದು ಬಾಗಿಲಲ್ಲಿ ನಿಂತ, ಅವನಿಗೂ ಒಂದು ಲೋಟ. ಟೀ ಊರಿನವನು ಸೂಪರ್ ದೀದಿ ಅಂದ. ಅವತ್ತಿಂದ ನಮ್ಮ ರೂಮಿಗೆ ಟವೆಲ್ ಎರಡು ಜಾಸ್ತಿ.

ವಾಂತಿ ಬಗ್ಗೆ ಎಲ್ರೂ ಕೇಳ್ತಾರೆ. ಶಿರಾಡಿ ತಿರುವಲ್ಲಿ ಕವರ್ ಹಿಡ್ಕಂಡು ಕೂತಿದ್ದವಳು ಹಡಗಲ್ಲಿ ಆರಾಮಾಗಿದ್ಲು, ನನಗೇನೂ ಆಗಲ್ಲ ಅಂತ ಎದೆ ತಟ್ಕಂಡಿದ್ದ ಯಜಮಾನ್ರು ಮೊದಲ್ನೇ ರಾತ್ರಿನೇ ಮಲಗ್ಬಿಟ್ರು. ಕಣ್ಣಿಗೆ ರೂಮ್ ಅಲ್ಲಾಡ್ತಿಲ್ಲ ಅನ್ಸುತ್ತೆ, ಕಿವಿ ಒಳಗೆ ಮಾತ್ರ ಅಲ್ಲಾಡ್ತಿರೋದು ಗೊತ್ತಾಗ್ತಾ ಇರುತ್ತೆ, ಅವೆರಡರ ಜಗಳವೇ ತಲೆಸುತ್ತು. ರೂಮಲ್ಲಿ ಮಲ್ಕಂಡು ಮೊಬೈಲ್ ನೋಡಿದ್ರೆ ಜಾಸ್ತಿ ಆಗುತ್ತೆ, ಮೇಲೆ ಬಂದು ದೂರಕ್ಕೆ ನೀರು ಆಕಾಶ ಸೇರೋ ಕಡೆ ನೋಡ್ತಾ ಕೂತ್ರೆ ಇಳಿಯುತ್ತೆ. ಹಡಗಿನ ಮಧ್ಯದಲ್ಲಿ, ಕೆಳಗಿನ ಫ್ಲೋರಲ್ಲಿ ಅಲ್ಲಾಟ ಕಡಿಮೆ, ಮನೆ ಹಿರಿಯರಿಗೆ ಅಲ್ಲೇ ರೂಮ್ ಕೇಳಿ. ಮಾತ್ರೆ ಬೇಕಂದ್ರೆ ಡಾಕ್ಟರನ್ನ ಕೇಳಿ ಮುಂಚೆನೇ ತಗಳಿ, ಶುರು ಆದ್ಮೇಲೆ ಅಷ್ಟು ಕೆಲಸ ಮಾಡಲ್ಲ. ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಕಡೆ ತಲೆನೇ ಹಾಕ್ಬೇಡಿ.

ಗೋವಾ ದಿನ ವೇಸ್ಟ್. ಹಡಗು ನಿಲ್ಲೋದು ಮರ್ಮಗೋವಾ ಬಂದರಲ್ಲಿ, ಅಲ್ಲಿಂದ ಪಣಜಿಗೆ ಸುಮಾರು 30 ಕಿಲೋಮೀಟರ್, ಇಳಿಯೋಕೆ ಕ್ಯೂ, ಬಸ್ಸಿಗೆ ಕಾಯೋದು, ಒಂದು ಚರ್ಚು ನೋಡೋಷ್ಟರಲ್ಲಿ ವಾಪಸ್ ಹೊತ್ತಾಯ್ತು ಅಂತ ಕೂಗ್ತಾರೆ. ಗೋವಾ ನೋಡ್ಬೇಕಂದ್ರೆ ಹಾಸನದಿಂದ ಕಾರಲ್ಲಿ ಹೋಗಿ. ನಮ್ಮಲ್ಲಿ ಇಳೀದೇ ಹಡಗಲ್ಲೇ ಉಳಿದವ್ರೇ ಜಾಣರು, ಪೂಲ್ ಪೂರಾ ಅವ್ರದ್ದೇ.

ನಮಗೆ ದುಡ್ಡು ವಸೂಲಾಗಿದ್ದು ವಾಪಸ್ ಬರೋ ರಾತ್ರಿ. ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಮೊಬೈಲ್ ನೆಟ್‌ವರ್ಕ್ ಸತ್ತೋಗುತ್ತೆ. (ಫೋನನ್ನ ಫ್ಲೈಟ್ ಮೋಡಿಗೆ ಹಾಕ್ಕಳಿ, ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡ್ಕಂಡ್ರೆ ರೋಮಿಂಗ್ ಬಿಲ್ ನೋಡಿ ಎದೆ ಒಡ್ಕಳುತ್ತೆ.) ಅಡುಗೆ ಏನ್ ಮಾಡ್ಲಿ ಅಂತ ಫೋನ್ ಬರಲ್ಲ, ಗ್ಯಾಸ್ ಬುಕ್ ಮಾಡಿದ್ಯಾ ಅಂತ ಮೆಸೇಜ್ ಇಲ್ಲ, ತಟ್ಟೆ ಎತ್ತೋರು ಬೇರೆ. ರೂಮಿನ ಟಿವೀಲಿ ಹಡಗಿನ ಸ್ಪೀಡ್ ತೋರಿಸ್ತಾರೆ, 15 ನಾಟ್, ಅಂದ್ರೆ ಗಂಟೆಗೆ 28 ಕಿಲೋಮೀಟರ್ ಹತ್ರ, ನಮ್ಮ ಬಿ.ಎಂ. ರೋಡಿನ ಆಟೋ ಇದಕ್ಕಿಂತ ಜೋರಾಗಿ ಹೋಗುತ್ತೆ. ಮೇಲೆ ಡೆಕ್ಕಲ್ಲಿ ಕುರ್ಚಿ ಎಳ್ಕಂಡು ಕೂತು ಕಾಲೇಜು, ಹಾಸ್ಟೆಲ್ಲು, ಯಾರ್ ಯಾರನ್ನ ನೋಡ್ತಾ ಇದ್ರು, ಯಾರ ಅಪ್ಪ ಹೆಂಗೆ ತೀರ್ಕಂಡ್ರು, ಮನೇಲಿ ಹಬ್ಬದ ಗಲಾಟೇಲಿ ಬಾಯಿ ಬಿಡೋಕಾಗ್ದಿರೋದೆಲ್ಲ ಬಂತು. ಒಬ್ಳು ಗಂಡನ ಬಗ್ಗೆ ಹೇಳ್ತಾ ಅತ್ಲು, ಗಂಡನೂ ಅದೇ ಹಡಗಲ್ಲಿ ಇದ್ದ, ಕೆಳಗೆ ತಲೆಸುತ್ತಿ ಮಲಗಿದ್ದ. ಅವಳು ಅಳ್ತಿದ್ದಾಗ್ಲೇ ಅದು ನೆನಪಾಗಿ ಎಲ್ರಿಗೂ ನಗು ತಡ್ಕಳೋಕಾಗ್ಲಿಲ್ಲ, ಅವಳೂ ನಕ್ಲು. ಈ ಸಲ ಜೋಕು ಏನು ಅಂತ ನನಗೂ ಗೊತ್ತಿತ್ತು.

ಹಂಗಾಗಿ ಊರು ನೋಡೋ ಆಸೆ ಇರೋರು, ಒಬ್ಬೊಬ್ರೇ ಹೋಗೋರು, ಹೊಸದಾಗಿ ಮದುವೆ ಆದೋರು ಈ ದುಡ್ಡಲ್ಲಿ ಬೇರೆ ಏನಾದ್ರೂ ಮಾಡಿ. ಕೂತ್ಕಂಡು ಮಾತಾಡೋಕೆ ಜನ ಇದ್ರೆ ಮಾತ್ರ ಹತ್ತಿ. ಬಂದ ಮೇಲೆ ನಮ್ಮತ್ತಿಗೆ ಮುಂದಿನ ವರ್ಷ ದೀಪಾವಳಿ ಮುಗಿದ್ಮೇಲೆ ಮನೆಯವ್ರೆಲ್ಲ ಹಡಗಲ್ಲೇ ಸೇರೋಣ ಅಂತ ಪಟ್ಟು ಹಿಡಿದವ್ಳೆ, ಚಿಕ್ಕಪ್ಪ ಲೆಕ್ಕ ಹಾಕ್ತಾ ಅವ್ರೆ, ಅಜ್ಜಿ ಮಾತ್ರ ಬಸ್ಸೇ ವಾಸಿ ಅಂತಾರೆ. ದೊಡ್ಡ ಗುಂಪಲ್ಲಿ ಹೋಗೋರಿಗೆ ಎರಡು ಮಾತು: ಒಂದೇ ರೂಮಲ್ಲಿ ಮೂರು ನಾಲ್ಕು ಜನ ಇದ್ರೆ ಮೇಲಿನ ಮಂಚದವ್ರಿಗೆ ರೇಟ್ ಕಡಿಮೆ ಬರ್ಬಹುದು, ಆದ್ರೆ ಅದಕ್ಕೆ ಏಣಿ ಹತ್ಬೇಕು, ಮಂಡಿ ನೋವಿನವ್ರನ್ನ ಅಲ್ಲಿ ಹಾಕ್ಬೇಡಿ. ಇನ್ನೊಂದು, ಮುಂಬೈಗೆ ಬೆಳಿಗ್ಗೆ ಮುಟ್ಟಿದ್ರೂ ಫ್ಲೋರ್ ಫ್ಲೋರಾಗಿ ಇಳಿಸ್ತಾರೆ, ಲಗೇಜು ಹುಡುಕೋದ್ರಲ್ಲೇ ಒಂದು ಗಂಟೆ ಹೋಗುತ್ತೆ, ಆವತ್ತು ಮಧ್ಯಾಹ್ನಕ್ ಮುಂಚೆ ಯಾವ ರೈಲೂ ಬುಕ್ ಮಾಡ್ಬೇಡಿ.