ಕಚೇರಿಗೆ ಶೇರ್‌ಪಾಯಿಂಟ್ ಹಾಕಿಸುವವರೇ, ಟೀಮ್ ಸೈಟ್‌ಗೆ ಒಪ್ಪುವ ಮುನ್ನ ಓದಿ

ಸಂಸ್ಥೆಯ ಕಡತ, ಸುತ್ತೋಲೆಗಳನ್ನು ಅಂತರ್ಜಾಲದಲ್ಲಿಟ್ಟು ಹಂಚಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ ಶೇರ್‌ಪಾಯಿಂಟ್. ಅದರಲ್ಲಿ ಹೊಸ ಸೈಟ್ ತೆರೆಯುವಾಗ ಟೀಮ್ ಸೈಟ್ ಬೇಕೋ ಕಮ್ಯುನಿಕೇಷನ್ ಸೈಟ್ ಬೇಕೋ ಎಂಬ ಪ್ರಶ್ನೆ ಆರಂಭದಲ್ಲೇ ಬರುತ್ತದೆ. ಅಳವಡಿಸಲು ಬಂದವರು ‘ಎರಡೂ ಒಂದೇ ಸರ್, ಬೇಕಿದ್ದರೆ ಆಮೇಲೆ ಬದಲಾಯಿಸಿದರಾಯಿತು’ ಎಂದರೆ ದಯವಿಟ್ಟು ನಂಬಬೇಡಿ. ಅವೆರಡೂ ಒಂದೇ ಅಲ್ಲ. ಆಮೇಲೆ ಬದಲಾಯಿಸಲೂ ಬರುವುದಿಲ್ಲ.

ನಮ್ಮದು ಶಿರಸಿಯ ಒಂದು ಸಹಕಾರಿ ಸಂಘ. ಘಟ್ಟದ ಮೇಲೆ ಸಿದ್ದಾಪುರ, ಯಲ್ಲಾಪುರ, ಕೆಳಗೆ ಕುಮಟಾ, ಹೊನ್ನಾವರಗಳಲ್ಲಿ ಶಾಖೆಗಳಿವೆ. ನಮಗೆ ಬೇಕಿದ್ದುದು ಸುತ್ತೋಲೆ, ರಜೆ ಅರ್ಜಿಯ ನಮೂನೆ ಮತ್ತು ದಿನದ ಅಡಿಕೆ ಧಾರಣೆ ಎಲ್ಲ ಶಾಖೆಗಳಿಗೂ ಒಂದೇ ಕಡೆ ಸಿಗುವಂಥ ವ್ಯವಸ್ಥೆ. ಬರೆಯುವವರು ಒಬ್ಬಿಬ್ಬರು, ಉಳಿದವರೆಲ್ಲ ಓದುವವರು. ಇಂಥ ಕೆಲಸಕ್ಕೆಂದೇ ಇರುವುದು ಕಮ್ಯುನಿಕೇಷನ್ ಸೈಟ್. ಆದರೆ ಗುತ್ತಿಗೆ ಪಡೆದವರು ಮಾಡಿಕೊಟ್ಟದ್ದು ಟೀಮ್ ಸೈಟ್. ಅದೂ ‘ಎಲ್ಲರಿಗೂ ಕಾಣಲಿ’ ಎಂದು ಪಬ್ಲಿಕ್ ಆಯ್ಕೆ ಒತ್ತಿ.

ಟೀಮ್ ಸೈಟ್ ಸಾಮಾನ್ಯವಾಗಿ ಒಂದು ಮೈಕ್ರೋಸಾಫ್ಟ್ 365 ಗ್ರೂಪಿನೊಡನೆ, ಅಂದರೆ ಒಂದೇ ಅಂಚೆಪೆಟ್ಟಿಗೆ, ಕ್ಯಾಲೆಂಡರ್ ಹಂಚಿಕೊಳ್ಳುವ ಸದಸ್ಯರ ಗುಂಪಿನೊಡನೆ ಹುಟ್ಟುತ್ತದೆ. ಒಟ್ಟಿಗೆ ಕುಳಿತು ಕೆಲಸ ಮಾಡುವವರಿಗಾಗಿ ಮಾಡಿದ್ದಾದ್ದರಿಂದ ಸದಸ್ಯರೆಲ್ಲರಿಗೂ ತಿದ್ದುವ ಅಧಿಕಾರ ಇರುತ್ತದೆ. ಪಬ್ಲಿಕ್ ಎಂದು ಆರಿಸಿದರಂತೂ ಸಂಸ್ಥೆಯ ಖಾತೆ ಇರುವ ಪ್ರತಿಯೊಬ್ಬರಿಗೂ ಆ ಅಧಿಕಾರ ತಾನಾಗಿಯೇ ದಕ್ಕುತ್ತದೆ. ಸಂತೆಯ ನಡುವೆ ಖಾತೆ ಪುಸ್ತಕ ಬಿಚ್ಚಿಟ್ಟು ಪಕ್ಕದಲ್ಲಿ ಪೆನ್ನನ್ನೂ ಇಟ್ಟ ಹಾಗೆ.

ಒಂದು ದಿನ ಶಾಖೆಯೊಂದರ ಗುಮಾಸ್ತರು ಧಾರಣೆ ಪಟ್ಟಿಯನ್ನು ದರದ ಇಳಿಕೆ ಕ್ರಮದಲ್ಲಿ ನೋಡಲು ಹೋದರು. ಇಡೀ ಪಟ್ಟಿಯ ಬದಲು ದರದ ಕಾಲಂ ಒಂದೇ ಅದಲುಬದಲಾಯಿತು. ರಾಶಿ, ಚಾಲಿ, ಬೆಟ್ಟೆ, ಬಿಳೇಗೋಟು, ಕೆಂಪುಗೋಟು, ಅಗ್ಗದ ಕೋಕಾ ಎಂಬ ಅಡಿಕೆ ಬಗೆಗಳ ಹೆಸರುಗಳು ಇದ್ದಲ್ಲೇ ಇದ್ದವು, ದರ ಮಾತ್ರ ಯಾರದ್ದೋ ಎದುರಿಗೆ ಯಾರದ್ದೋ. ಆನ್‌ಲೈನ್ ಎಕ್ಸೆಲ್‌ನಲ್ಲಿ ‘ಉಳಿಸಲೇ?’ ಎಂದು ಕೇಳುವ ಪದ್ಧತಿ ಇಲ್ಲ, ಬದಲಾದದ್ದು ಆ ಕ್ಷಣವೇ ಎಲ್ಲರ ಪರದೆಗೂ ಬರುತ್ತದೆ. ಮಧ್ಯಾಹ್ನದೊಳಗೆ ಬೆಳೆಗಾರರೊಬ್ಬರು ಫೋನ್ ಮಾಡಿ, ‘ಕೋಕಾಕ್ಕೆ ಅಷ್ಟು ಬಂದಿದೆಯಂತಲ್ಲ, ನಾಳೆಯೇ ಮಾಲು ಕಳಿಸಲೇ?’ ಎಂದು ಕೇಳಿದರು. ಫೈಲಿನ ಹಳೆಯ ಆವೃತ್ತಿ ಉಳಿದಿರುತ್ತದಾದ್ದರಿಂದ ಪಟ್ಟಿಯನ್ನು ಮರಳಿಸುವುದು ಸುಲಭವಾಯಿತು. ಸಂಜೆಯವರೆಗೆ ಫೋನಿಗೆ ಉತ್ತರ ಕೊಟ್ಟವರಿಗೆ ಗೊತ್ತು ಕಷ್ಟ. ಗುಮಾಸ್ತರನ್ನು ಬೈದವರೂ ಇದ್ದರು. ನನಗೇನೋ ಅದು ಅನ್ಯಾಯವೆನಿಸಿತು. ಓದುವವರ ಕೈಗೆ ತಿದ್ದುವ ಅಧಿಕಾರ ಕೊಟ್ಟವರು ಬೇರೆಯೇ ಇದ್ದರಲ್ಲ!

ಗುತ್ತಿಗೆ ಪಡೆದವರನ್ನು ಕರೆಸಿ, ಇದನ್ನೇ ಕಮ್ಯುನಿಕೇಷನ್ ಸೈಟ್ ಮಾಡಿಕೊಡಿ ಎಂದಾಗ ರಾಗ ಬದಲಾಯಿತು. ಗ್ರೂಪಿಗೆ ಜೋಡಿಸಿದ ಟೀಮ್ ಸೈಟನ್ನು ಹಾಗೆ ಮಾರ್ಪಡಿಸಲಾಗದು, ಹೊಸದನ್ನೇ ಕಟ್ಟಬೇಕು, ಅದಕ್ಕೆ ಬೇರೆ ಬಿಲ್ಲು. ಆಷಾಢದ ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತಿದ್ದಾಗ ಕಡತಗಳ ಸಾಗಾಟ ನಡೆಯಿತು. ಅಲ್ಲೂ ಅವಸರ. ‘ಮೂವ್’ ಮಾಡಿದ್ದರೆ ಕಡತದ ಹಳೆಯ ಆವೃತ್ತಿಗಳೂ ಜೊತೆಗೆ ಬರುತ್ತಿದ್ದವು. ಅವರು ‘ಕಾಪಿ’ ಮಾಡಿದರು, ಕೊನೆಯ ಆವೃತ್ತಿ ಮಾತ್ರ ಬಂತು. ಹಳೆಯ ಸೈಟನ್ನು ಅಳಿಸಿಬಿಡೋಣ ಎಂದವರನ್ನು ಹೇಗೋ ತಡೆದೆವು. ಸೈಟಿನ ಜೊತೆ ಗ್ರೂಪೂ ಅಳಿದರೆ ಅದರ ಅಂಚೆಪೆಟ್ಟಿಗೆ, ಕ್ಯಾಲೆಂಡರ್ ಎಲ್ಲವೂ ಹೋಗುತ್ತವೆ, ಮರಳಿ ಪಡೆಯಲು ಇರುವುದು 30 ದಿನ.

ನಡುವೆ ‘ಹಬ್ ಸೈಟ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ’ ಎಂಬ ಸಲಹೆಯೂ ಬಂತು. ಹಬ್ ಹಲವು ಸೈಟ್‌ಗಳನ್ನು ಒಂದೇ ಮೆನು, ಒಂದೇ ಹುಡುಕಾಟದಡಿ ತರುತ್ತದೆ, ನಿಜ. ಯಾರು ತಿದ್ದಬಹುದೆಂಬುದನ್ನು ಮಾತ್ರ ಅದು ಸರಿಪಡಿಸುವುದಿಲ್ಲ. ಆ ದುಡ್ಡು ಉಳಿಯಿತು.

ಟೀಮ್ ಸೈಟ್ ಕೆಟ್ಟದ್ದೆಂದಲ್ಲ. ನಮ್ಮ ಲೆಕ್ಕಪರಿಶೋಧನೆಯ ತಯಾರಿ ಈಗಲೂ ಅದರಲ್ಲೇ ನಡೆಯುತ್ತದೆ, ಪ್ರೈವೇಟ್ ಆಯ್ಕೆಯಲ್ಲಿ, ನಾಲ್ಕೈದು ಜನರ ನಡುವೆ.

ನೀವು ಹಾಕಿಸುವುದಾದರೆ ಸೈಟ್ ಯಾವ ಬಗೆಯದು, ಮಾಲೀಕರು ಯಾರು, ಬರೀ ಓದುಗರು ಯಾರು ಎಂಬುದನ್ನು ದರಪತ್ರದಲ್ಲೇ ಬರೆಸಿಕೊಳ್ಳಿ. ಕೆಲಸ ಮುಗಿಯಿತೆಂದಾಗ ಶಾಖೆಯ ಗುಮಾಸ್ತರೊಬ್ಬರ ಖಾತೆಯಿಂದ ಒಳಹೋಗಿ ಸುತ್ತೋಲೆ ತೆರೆಯಿಸಿ ನೋಡಿ. ತಿದ್ದಲು ಬಂದರೆ ಕೊನೆಯ ಕಂತಿನ ಚೆಕ್ಕಿಗೆ ಸಹಿ ಹಾಕಬೇಡಿ.